ಹೊಗಿಗೆ ಪಾವತಿ ಐತ್ರಿ!

ಉಮದಿ ಇರಲಿ, ಸಂಖ ಇರಲಿ, ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಕನ್ನಡ ಹಳ್ಳಿಯೆಂದ ಮೇಲೆ ಅಲ್ಲಿ ಸರಪಂಚ ಇರುತ್ತಾನೆ, ಪೂಜಾರಿ ಇರುತ್ತಾನೆ, ಒಬ್ಬ ಮಾಲಕನೂ ಇರುತ್ತಾನೆ. ಹೊಲಮನೆ ಎಷ್ಟಾದರೂ ಇರಲಿ, ಆತ ಮಾಲಕನೆನಿಸಿಕೊಂಡದ್ದು ಒಂದು ಹಳೇ ಕ್ರೂಸರಿನಿಂದ. ಎಂ.ಎಚ್. 10ರ ಪಾಟಿ, ಮುಂದಿನ ಗಾಜಿಗೆ ಗುಡ್ಡಾಪುರದ ದಾನಮ್ಮದೇವಿ, ಹಿಂದಿನ ಗಾಜಿಗೆ ಮರಾಠಿಯಲ್ಲಿ ತಾಯಿಯ ಆಶೀರ್ವಾದ, ನಿಂತಲ್ಲಿ ಕೆಂಪು ಹನಿ, ಹೋದಲ್ಲಿ ಹೊಗೆ. ಕಾಗದದಲ್ಲಿ ಅದು ಮನೆಮಂದಿಯ ಗಾಡಿ, ರಸ್ತೆಗಿಳಿದರೆ ಊರಮಂದಿಯದು. ಹೀಗೆ ಬಾಡಿಗೆಗೆ ಮಂದಿ ತುಂಬಿಕೊಂಡು ಓಡುವ ಗಾಡಿಗೆ ಆ ಕಡೆಯವರು ‘ವಡಾಪ್’ ಎನ್ನುತ್ತಾರೆ. 2021-22ರಲ್ಲಿ ಎಸ್.ಟಿ. ಬಸ್ಸಿನವರು ಐದು ತಿಂಗಳ ಮೇಲೆ ಮುಷ್ಕರ ಹೂಡಿದಾಗ ಮಾಲಕನನ್ನು ಹಿಡಿಯುವವರೇ ಇರಲಿಲ್ಲ. ಸರಕಾರ ನಿಂತರೂ ತನ್ನ ಗಾಡಿ ನಿಲ್ಲಲಿಲ್ಲವೆಂದು ಇಂದಿಗೂ ಹೇಳುತ್ತಾನೆ. ಗಾಡಿ ಆಗಾಗ ನಿಂತದ್ದುಂಟು. ಅದು ಮುಷ್ಕರವಲ್ಲ, ವಿಶ್ರಾಂತಿ.

ಮಾಲಕನ ದಿನ ಶುರುವಾಗುವುದು ರಟ್ಟಿನಿಂದ. ರಾತ್ರಿ ಇಂಜಿನ್ನಿನ ಕೆಳಗೆ ಒಂದು ರಟ್ಟು ಹಾಸಿರುತ್ತಾನೆ. ಬೆಳಿಗ್ಗೆ ಅದನ್ನೆಳೆದು ಬಿಸಿಲಿಗೆ ಹಿಡಿದು, ಪಂಚಾಂಗ ನೋಡುವ ಗಾಂಭೀರ್ಯದಲ್ಲಿ ಕಲೆಗಳನ್ನು ಓದುತ್ತಾನೆ. “ಕೆಂಪಿದ್ರ ಸ್ಟೇರಿಂಗ್ ಎಣ್ಣಿ. ಕರೀದಿದ್ರ ಇಂಜಿನ್ ಎಣ್ಣಿ. ಹಸರಿದ್ರ ಕೂಲಂಟ್. ಬರೇ ನೀರಿದ್ರ ಎ.ಸಿ.ದು. ಎ.ಸಿ. ನಮಗಿಲ್ಲ, ಅಂದ್ರ ಅದು ನಾಯೀದು.” ಇಷ್ಟು ಖಚಿತವಾಗಿ ಮಿರಜದ ದೊಡ್ಡ ದವಾಖಾನೆಗಳೂ ಹೇಳಲಾರವು.

ಆಮೇಲೆ ಕಿವಿಯ ಪರೀಕ್ಷೆ. ಗಾಡಿ ಚಾಲೂ ಮಾಡಿ ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದಾಗ ‘ಕುಂಯ್’ ಎಂದರೆ ಪಂಪಿಗೆ ಎಣ್ಣೆ ಸಾಲದು, ಇಲ್ಲವೇ ಬೆಲ್ಟು ಸಡಿಲ. ಡಬ್ಬಿಯ ಮುಚ್ಚಳ ತೆಗೆದಾಗ ಎಣ್ಣೆ ನೊರೆಯೆದ್ದಿದ್ದರೆ ಪೈಪು ಎಲ್ಲೋ ಗಾಳಿ ಕುಡಿಯುತ್ತಿದೆ. ಪಕ್ಕದೂರಿನ ಮಾಲಕನೊಬ್ಬ ಕೆಂಪೆಣ್ಣೆ ಸಿಗಲಿಲ್ಲವೆಂದು ಬ್ರೇಕ್ ಆಯಿಲ್ ಸುರಿದು, ರಬ್ಬರ್ ಸೀಲುಗಳೆಲ್ಲ ಉಬ್ಬಿ, ಸೋರಿಕೆ ಒಂದಿದ್ದದ್ದು ನಾಲ್ಕಾದ ಕಥೆಯನ್ನು ನಮ್ಮ ಮಾಲಕ ವಾರಕ್ಕೊಮ್ಮೆ ಹೇಳುತ್ತಾನೆ. ಪರರ ಅಜ್ಞಾನದಷ್ಟು ಅವನಿಗೆ ಹುರುಪು ಕೊಡುವುದು ಬೇರೊಂದಿಲ್ಲ.

ಹೊಗೆಯ ಶಾಸ್ತ್ರವೇ ಬೇರೆ. ಕರಿ ಹೊಗೆ ಅಂದರೆ ಡೀಸೆಲ್ ಹೆಚ್ಚು, ಗಾಳಿ ಕಮ್ಮಿ. ಈ ಸೀಮೆಯ ಧೂಳಿಗೆ ಏರ್ ಫಿಲ್ಟರ್ ಎಷ್ಟು ದಿನ ಬಾಳೀತು? ಅದನ್ನು ಬಿಚ್ಚಿ ಬೇವಿನ ಗಿಡಕ್ಕೆ ಬಡಿದರೆ ಅರ್ಧ ಎಕರೆ ಮಣ್ಣು ಉದುರುತ್ತದೆ. ನೀಲಿ ಹೊಗೆ ಅಂದರೆ ಪಿಸ್ಟನ್ ರಿಂಗ್ ಸವೆದು ಇಂಜಿನ್ ತನ್ನ ಎಣ್ಣೆಯನ್ನು ತಾನೇ ಉರಿಸುತ್ತಿದೆ. ಚಳಿಯ ಬೆಳಗಿನ ಬಿಳಿ ಹೊಗೆ ಎರಡು ನಿಮಿಷಕ್ಕೆ ನಿಂತರೆ ಚಿಂತೆಯಿಲ್ಲ. ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ತಿಳಿಯಬೇಕು. ಇದನ್ನೆಲ್ಲ ಆತ ಹಿಂದಿನ ಸೀಟಿನಲ್ಲಿ ಕೆಮ್ಮುತ್ತಿರುವ ಹೆಣ್ಣುಮಕ್ಕಳಿಗೆ ವಿವರಿಸುತ್ತಾನೆ. ಯಾರಾದರೂ ಸೆರಗು ಮೂಗಿಗೆ ಹಿಡಿದು ಗೊಣಗಿದರೆ ಡ್ಯಾಶ್‌ಬೋರ್ಡಿನಿಂದ ಮಡಿಕೆಬಿದ್ದ ಕಾಗದವೊಂದನ್ನು ತೆಗೆಯುತ್ತಾನೆ. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಗೆ ಮಹಾರಾಷ್ಟ್ರ ಸರಕಾರ ಪರ್ಯಾವರಣ ಕರ ಹಾಕುತ್ತದಲ್ಲ, ಅದರ ರಸೀದಿ. “ಕಳವಿಲೆ ಬಿಡಾಕತ್ತಿಲ್ರೀ ಅಕ್ಕಾರ. ಹೊಗಿಗೆ ಪಾವತಿ ಐತ್ರಿ!”

ಪಿ.ಯು.ಸಿ. ಎಂಬ ಹೊಗೆ ತಪಾಸಣೆಗೆ ಹೋಗುವಾಗ ಮಾತ್ರ ಭಕ್ತಿ ಬರುತ್ತದೆ. ಹಳೆಯ ಡೀಸೆಲ್ ಗಾಡಿಗೆ ಹೊಗೆಯ ದಟ್ಟಣೆಯ ಮಿತಿ 65. ಹಿಂದಿನ ದಿನ ಫಿಲ್ಟರ್ ಹೊಸದು, ಎಣ್ಣೆ ಹೊಸದು, ಹಣೆಗೆ ವಿಭೂತಿ. ಮರುದಿನ ಹಳೇ ಫಿಲ್ಟರ್ ಮತ್ತೆ ಒಳಗೆ. ಹೊಸದು ಮುಂದಿನ ಪರೀಕ್ಷೆಗೆಂದು ಗಾದಿಯ ಕೆಳಗೆ.

ಸಂಗತಿಯ ಗುಟ್ಟು ಇಷ್ಟೇ. ಕೆಂಪು ಹನಿ ಮತ್ತು ಬಾನೆಟ್ಟಿನ ಕಡೆಯ ಹೊಗೆ ಎರಡು ರೋಗವಲ್ಲ, ಒಂದೇ. ಎಣ್ಣೆ ಡಬ್ಬಿಗೆ ಮರಳುವ ರಬ್ಬರ್ ಪೈಪು ಬಿರುಕು ಬಿಟ್ಟಿದೆ, ಕ್ಲಿಪ್ಪು ಸಡಿಲಾಗಿದೆ. ಹನಿ ನೇರವಾಗಿ ಕಾದ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದು ಸುಟ್ಟು ಹೊಗೆಯಾಗುತ್ತದೆ. ಮಿಸ್ತ್ರಿ ಹೇಳಿದ್ದಾನೆ: “ಒಂದ ಪೈಪು, ಎರಡ ಕ್ಲಿಪ್ಪು, ಒಂದ ತಾಸಿನ ಕೆಲಸ. ಬಿಟ್ರ ಒಂದಿನ ಬೆಂಕಿ ಹತ್ತತೈತಿ.” ಮಾಲಕ ತಲೆಯಾಡಿಸಿದ. ಮಿಸ್ತ್ರಿಗಿಂತ ಮೊದಲೇ ಅದು ಅವನಿಗೆ ಗೊತ್ತಿತ್ತು. ಗೊತ್ತಿರುವುದನ್ನು ರೊಕ್ಕ ಕೊಟ್ಟು ಮಾಡಿಸುವುದೆಂದರೆ ಜ್ಞಾನಕ್ಕೆ ಅವಮಾನ. ಅರ್ಧ ಲೀಟರಿನ ಡಬ್ಬಿ ತಂದು ಸುರಿದ, ಹೊರಟ.

2022ರ ನವೆಂಬರಿನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಜತ್ತದ ನಲವತ್ತು ಹಳ್ಳಿಗಳ ಮಾತೆತ್ತಿದರು. ನೀರಿಗಾಗಿ ಕರ್ನಾಟಕ ಸೇರುತ್ತೇವೆಂದು ಪಂಚಾಯಿತಿಗಳು ಅದಕ್ಕೂ ಹತ್ತು ವರ್ಷ ಹಿಂದೆ ಮಾಡಿದ್ದ ಠರಾವು ಎದ್ದು ಕೂತಿತು. ಟಿ.ವಿ.ಯವರು ಬಂದರು, ಕ್ರೂಸರಿಗೆ ಭರ್ತಿ ಬಾಡಿಗೆ. ನೀವು ಯಾವ ರಾಜ್ಯದವರೆಂದು ಮೈಕು ಹಿಡಿದಾಗ ಮಾಲಕ ಬಾನೆಟ್ಟಿಗೆ ಒರಗಿ ಹೇಳಿದ: “ಪಾಟಿ ಮಹಾರಾಷ್ಟ್ರದ್ದು, ಸ್ಪೇರ್ ಪಾರ್ಟು ವಿಜಾಪುರದ್ದು, ನಾ ದಾನಮ್ಮನವ. ಡೀಸೆಲ್ ಎಲ್ಲಿ ಎರಡ ರೂಪಾಯಿ ಕಮ್ಮಿ ಅಲ್ಲೀದು.”

ಅವನಿಗೆ ತಕ್ಕ ಜೋಡಿ ಸಿಕ್ಕದ್ದು ಒಂದು ಬೇಸಿಗೆಯಲ್ಲಿ. ನೀರಿನ ಕೆಲಸಕ್ಕೆಂದು ಬಂದ ಸಾಹೇಬರೊಬ್ಬರು ಜತ್ತದಿಂದ ಉಮದಿಗೆ ಗಾಡಿ ಮಾಡಿದರು. ದಾರಿಯಲ್ಲಿ ಬಾಗಿದ ಮೂಗಿನ ಮಾಡಗ್ಯಾಳ ಕುರಿಗಳ ಹಿಂಡು ಅಡ್ಡ ಬಂತು. ಎಣ್ಣೆ ಬತ್ತಿದ ಸ್ಟೇರಿಂಗ್ ತಿರುಗಲೊಲ್ಲದು. ಮಾಲಕ ಎರಡೂ ಭುಜ ಕೊಟ್ಟು ಎಳೆದ, ಪಕ್ಕದ ಸೀಟಿನವನೂ ಕೈ ಹಚ್ಚಿದ. ಕುರಿಗಳು ತಾವೇ ಸರಿದು ಜೀವ ಉಳಿಸಿಕೊಂಡವು. ಗಾಡಿ ನಿಲ್ಲಿಸಿ ಮಾಲಕ ಡಬ್ಬಿ ಬಗ್ಗಿಸುವಾಗ ಸಾಹೇಬರಿಗೆ ತಾಳ್ಮೆ ಹರಿಯಿತು.

“ಎಲ್ಲಿ ಸೋರತೈತಿ ಅಂತ ಗೊತ್ತಿದ್ದೂ ಅದನ್ನ ರಿಪೇರಿ ಮಾಡಸೂದಿಲ್ಲ, ಮ್ಯಾಲಿಂದ ಸುರೀತಾನ ಇರ್ತಿ. ಇದ್ಯಾವ ಶಾಣ್ಯಾತನೋ?”

ಮಾಲಕ ಉತ್ತರ ಕೊಡಲಿಲ್ಲ. ಮುಂದೆ ಸರಕಾರದ ನೀರಿನ ಟ್ಯಾಂಕರೊಂದು, ನಲ್ಲಿಯಿಂದ ಧಾರೆ ಬಿಡುತ್ತ, ರಸ್ತೆಯುದ್ದ ಒದ್ದೆ ಗೆರೆ ಎಳೆಯುತ್ತ ಹೋಗುತ್ತಿತ್ತು. ಮ್ಹೈಸಾಳದಲ್ಲಿ ಕೃಷ್ಣೆಯ ನೀರೆತ್ತುವ ಯೋಜನೆ ತಮ್ಮ ಹೊಲ ಮುಟ್ಟಲೆಂದು ಕಾದು ಕಾದು ಮುದುಕರಾದವರ ಹಳ್ಳಿಗೆ ಆ ಬೇಸಿಗೆಯೂ ಅದೇ ಟ್ಯಾಂಕರ್.

“ಅದರ ಬೆನ್ನ ಹತ್ತಿ ಹೋಗೂಣೇನ್ರಿ ಸಾಹೇಬ್ರ? ಇಬ್ಬರದೂ ಒಂದ ಗ್ಯಾರೇಜು.”

ಸಾಹೇಬರು ಗಾಜು ಏರಿಸಿದರು, ಹೊಗೆ ಒಳಗೆ ಬರುತ್ತದೆಂಬ ನೆಪದಲ್ಲಿ. ಉಮದಿಯಲ್ಲಿ ಇಳಿದು ಬಾಡಿಗೆ ಎಣಿಸುವಾಗ ಮಾಲಕ ವಿನಯದಿಂದ ಖಾಲಿ ಡಬ್ಬಿ ಮುಂದೆ ಹಿಡಿದ. ಎಣ್ಣೆಯ ರೊಕ್ಕ ಬೇರೆ.