ಬಿಟ್ಟ ಪುಟಕ್ಕೆ ಐದು ಅಂಕ

‘ದಿ ಹಾಬಿಟ್’ ಎಂಬ ಮಕ್ಕಳ ಕಾದಂಬರಿ ಮೊಳಕೆಯೊಡೆದದ್ದು ಪರೀಕ್ಷೆಯ ಉತ್ತರ ಪತ್ರಿಕೆಯೊಂದರಲ್ಲಿ. ಅದನ್ನು ಬರೆದ ಜೆ. ಆರ್. ಆರ್. ಟಾಲ್ಕಿನ್ 1925ರಿಂದ ಆಕ್ಸ್‌ಫರ್ಡ್‌ನಲ್ಲಿ ಹಳೆಯ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದರು. ಹುದ್ದೆಯ ಹೆಸರು ಉದ್ದವಿತ್ತು, ಸಂಬಳ ಅಷ್ಟು ಉದ್ದವಿರಲಿಲ್ಲ. ಮನೆಯಲ್ಲಿ ನಾಲ್ಕು ಮಕ್ಕಳು. ಹೀಗಾಗಿ ಬೇಸಿಗೆಯಲ್ಲಿ ನಾಲ್ಕು ಕಾಸು ಹೆಚ್ಚಿಗೆ ಸಿಗಲೆಂದು ಅವರು ಸ್ಕೂಲ್ ಸರ್ಟಿಫಿಕೇಟ್ ಪರೀಕ್ಷೆಯ ಪತ್ರಿಕೆಗಳನ್ನು ತಿದ್ದುತ್ತಿದ್ದರು.

ಪತ್ರಿಕೆ ತಿದ್ದುವ ಕೆಲಸದ ಗುಣ ದೇಶಕ್ಕೊಂದು ಬಗೆ ಇರುವುದಿಲ್ಲ. ಒಂದೇ ಪ್ರಶ್ನೆಗೆ ಒಂದೇ ತಪ್ಪು ಉತ್ತರವನ್ನು ನಲವತ್ತನೆಯ ಸಲ ಓದುವ ಹೊತ್ತಿಗೆ, ಎಂಥ ಮೇಷ್ಟರಿಗೂ ತಮಗೆ ಗೊತ್ತಿರುವ ಸರಿ ಉತ್ತರದ ಮೇಲೆಯೇ ಅನುಮಾನ ಹುಟ್ಟುತ್ತದೆ. ಅಡಿಷನಲ್ ಶೀಟ್ ಪಡೆದು ಮೊದಲ ಪುಟದ್ದನ್ನೇ ಮತ್ತೊಮ್ಮೆ ಬರೆದ ಜಾಣರದ್ದು ಬೇರೆಯೇ ಕಾಟ. ಇಂಥದರ ನಡುವೆ, 1930ರ ಆಸುಪಾಸಿನ ಒಂದು ದಿನ, ಟಾಲ್ಕಿನ್‌ಗೆ ಪೂರ್ತಿ ಖಾಲಿ ಬಿಟ್ಟ ಪುಟವೊಂದು ಸಿಕ್ಕಿತು. ಓದುವುದಕ್ಕೆ ಒಂದಕ್ಷರವೂ ಇಲ್ಲ! ಆ ಹುಡುಗನಿಗೆ ಐದು ಅಂಕ ಹೆಚ್ಚಿಗೆ ಕೊಡುವುದರಲ್ಲಿದ್ದೆ ಎಂದು ಅವರು ಮುಂದೆ ಬಿಬಿಸಿ ಸಂದರ್ಶನವೊಂದರಲ್ಲಿ ಹೇಳಿಕೊಂಡರು.

ಶಿಸ್ತಿನ ಮೌಲ್ಯಮಾಪಕರಾಗಿದ್ದರೆ ಖಾಲಿ ಪುಟಕ್ಕೆ ಅಡ್ಡಗೆರೆ ಎಳೆದು ಮುಂದಿನದಕ್ಕೆ ಹೋಗುತ್ತಿದ್ದರು. ಟಾಲ್ಕಿನ್ ಅಲ್ಲಿ ಬಿಲವಾಸಿ ‘ಹಾಬಿಟ್’ ಒಂದರ ಬಗ್ಗೆ ಒಂದು ವಾಕ್ಯ ಗೀಚಿದರು. ಹಾಬಿಟ್ ಎಂದರೇನೆಂದು ಅವರಿಗೂ ಗೊತ್ತಿರಲಿಲ್ಲ. ಬೇರೆಯವರಾದರೆ ಅಷ್ಟಕ್ಕೇ ಬಿಡುತ್ತಿದ್ದರೇನೋ. ಇವರು ಶಬ್ದಗಳ ಹುಟ್ಟು ಹುಡುಕುವುದನ್ನೇ ಕಸುಬು ಮಾಡಿಕೊಂಡವರು. ಹೆಸರೊಂದು ಬಂದಮೇಲೆ ಅದು ಯಾರದು, ಅವರ ಮನೆ ಎಲ್ಲಿ, ಊಟಕ್ಕೇನು ಎಂದು ವಿಚಾರಿಸದೆ ಇರಲಾಗಲಿಲ್ಲ.

ಹಾಗೆಂದು ಕೀರ್ತಿಯನ್ನೆಲ್ಲ ಆ ಖಾಲಿ ಪುಟಕ್ಕೇ ಕಟ್ಟುವಂತಿಲ್ಲ. ಕಡ್ಡಿ ಗೀರಿದ್ದು ಅದು, ಹುಲ್ಲಿನ ಬಣವೆ ಮೊದಲೇ ಒಣಗಿತ್ತು. 1925ರಲ್ಲಿ ಫೈಲಿ ಎಂಬ ಕಡಲೂರಿನಲ್ಲಿ ಎರಡನೆಯ ಮಗ ಮೈಕೇಲ್ ಆಟಿಕೆಯ ನಾಯಿ ಕಳೆದುಕೊಂಡು ಅತ್ತಾಗ, ಸಮಾಧಾನಕ್ಕೆಂದು ಹೇಳಿದ ಕಥೆಯೇ ಬೆಳೆದು ‘ರೋವರಾಂಡಮ್’ ಆಗಿತ್ತು. ಅದು ಅಚ್ಚಾದದ್ದು ಮಾತ್ರ 1998ರಲ್ಲಿ. ಹಾಬಿಟ್‌ನ ಕುಳ್ಳರ ಹೆಸರುಗಳು ಹಳೆಯ ನಾರ್ಸ್ ಕಾವ್ಯದಿಂದ ಬಂದವು. ಘಟಸರ್ಪದ ನಿಧಿಯಿಂದ ಬಟ್ಟಲು ಕದಿಯುವ ಪ್ರಸಂಗದ ಬೇರು, ಅವರು ತರಗತಿಯಲ್ಲಿ ಪಾಠ ಮಾಡುತ್ತಿದ್ದ ಹಳೆಯ ಇಂಗ್ಲಿಷ್ ಕಾವ್ಯ ‘ಬೇವುಲ್ಫ್’ನಲ್ಲಿದೆ. ದೈತ್ಯ ಜೇಡಗಳಿಗೆ ಮಾತ್ರ ಯಾವ ಗ್ರಂಥದ ಆಧಾರವೂ ಬೇಕಾಗಿರಲಿಲ್ಲ: ಮಕ್ಕಳಲ್ಲೊಬ್ಬನಿಗೆ ಜೇಡ ಕಂಡರೆ ಜೀವ ಹೋಗುತ್ತಿತ್ತು, ಅವನನ್ನು ಚೆನ್ನಾಗಿ ಹೆದರಿಸಲೆಂದೇ ತಂದೆ ಅವನ್ನು ತುರುಕಿದರು. ಅವನು ಹೆದರಿದ್ದೂ ಆಯಿತು.

ಸೇಡು ತೀರಿಸಿದವನು ಅವನ ತಮ್ಮ, ನಾಲ್ಕೈದು ವರ್ಷದ ಕ್ರಿಸ್ಟೋಫರ್. ತಂದೆ ಕಥೆ ಹೇಳುತ್ತಿದ್ದಾಗ, ಹೋದ ಸಲ ಹಾಬಿಟ್ ಬಿಲ್ಬೋನ ಮನೆಯ ಬಾಗಿಲು ನೀಲಿ ಅಂದಿರಿ, ಈಗ ಹಸಿರು ಅನ್ನುತ್ತೀರಿ. ಕುಳ್ಳರ ಮುಖಂಡ ಥೋರಿನ್‌ನ ಕುಲಾವಿಯ ಕುಚ್ಚು ಆಗ ಚಿನ್ನದ್ದು, ಈಗ ಬೆಳ್ಳಿಯದ್ದು ಎಂದು ಅವನು ತಕರಾರು ತೆಗೆದ. ಊರಿನ ಮಕ್ಕಳ ತಪ್ಪಿಗೆಲ್ಲ ಕೆಂಪು ಶಾಯಿ ಬಳಿದ ಪ್ರೊಫೆಸರು ಮಗನನ್ನು ಬೈದುಕೊಳ್ಳುತ್ತ ಎದ್ದುಹೋಗಿ, ತಿದ್ದುಪಡಿಯನ್ನು ಗುರುತು ಹಾಕಿಕೊಂಡರು.

ಹಸ್ತಪ್ರತಿ ಕೈಯಿಂದ ಕೈಗೆ ದಾಟಿ 1936ರಲ್ಲಿ ಲಂಡನ್ನಿನ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್‌ರ ಮೇಜಿಗೆ ಬಂತು. ಮಕ್ಕಳ ಪುಸ್ತಕವನ್ನು ಮಕ್ಕಳೇ ಅಳೆಯಬೇಕೆಂದು ನಂಬಿದ್ದ ಅವರು ಅದನ್ನು ಹತ್ತು ವರ್ಷದ ಮಗ ರೇನರ್‌ಗೆ ಕೊಟ್ಟರು. ವರದಿಗೆ ಕೂಲಿ ಒಂದು ಶಿಲಿಂಗ್. ಹುಡುಗ ಕಾಗುಣಿತ ತಪ್ಪುಗಳ ಸಮೇತ ಬರೆದುಕೊಟ್ಟ ವರದಿಯಲ್ಲಿ ಆಕ್ಸ್‌ಫರ್ಡ್ ಪ್ರಾಧ್ಯಾಪಕರು ಪಾಸಾದರು. 1937ರ ಸೆಪ್ಟೆಂಬರ್ 21ರಂದು ಪುಸ್ತಕ ಹೊರಬಂತು. ಅಚ್ಚು ಹಾಕಿದ 1,500 ಪ್ರತಿಗಳು ಡಿಸೆಂಬರ್ ಹೊತ್ತಿಗೆ ಖಾಲಿ. ರೇನರ್ ತನ್ನ ವರದಿಯಲ್ಲಿ ಇದನ್ನು ಐದರಿಂದ ಒಂಬತ್ತು ವರ್ಷದವರಿಗೆ ಶಿಫಾರಸು ಮಾಡಿದ್ದ. ಅವನಿಗೆ ಆಗಲೇ ಹತ್ತು ತುಂಬಿತ್ತಲ್ಲ.