ಸೈಲೆನ್ಸರ್ ಮತ್ತು ರೊಟ್ಟಿ ಹಂಚು

ನನ್ನ ಮಾರುತಿ 800 ಊರು ಮುಟ್ಟುವ ಮೊದಲೇ ಅದರ ಸಪ್ಪಳ ಮನೆ ಮುಟ್ಟುತ್ತಿತ್ತು. ಕಲಘಟಗಿಯಿಂದ ಬರುವಾಗ ದೇವಿಕೊಪ್ಪ ಇನ್ನೂ ಒಂದು ಫರ್ಲಾಂಗು ಇದೆ ಎನ್ನುವಾಗಲೇ ಅವ್ವ ನನ್ನ ಹೆಂಡತಿಗೆ, "ಬಂದ ನೋಡವಾ, ಹಂಚು ಇಡು" ಅನ್ನುತ್ತಿದ್ದಳು. ನಾನು ಕೈಕಾಲು ತೊಳೆದು ಕೂಡುವಷ್ಟರಲ್ಲಿ ಉಬ್ಬಿದ ರೊಟ್ಟಿ ತಾಟಿಗೆ ಬೀಳುತ್ತಿತ್ತು. ಗೋವಿನಜೋಳದ ಹೊಲದಲ್ಲಿ ರಾತ್ರಿ ಹಂದಿ ಕಾಯುವವರೂ ನನ್ನ ಸೈಲೆನ್ಸರನ್ನು ಬಾಯ್ತುಂಬ ಹೊಗಳುತ್ತಿದ್ದರು. ನಾನು ಹಾದು ಹೋದ ದಿನ ಪಟಾಕಿ ಖರ್ಚು ಉಳಿಯುತ್ತಿತ್ತಂತೆ.

ಆ ಸೈಲೆನ್ಸರ್ ಕಂಪನಿಯದಲ್ಲ. ಹಾಗೆ ನೋಡಿದರೆ ಗಾಡಿಯಲ್ಲಿ ಕಂಪನಿಯದು ಅನ್ನುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. ಮದುವೆಗೆ ಮುಂಚೆ ಎರಡು ವರ್ಷದ ಭತ್ತ ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ಕರಗಿತ್ತು. 12 ಇಂಚಿನ ಗಾಲಿ ಹೋಗಿ 13ರ ಅಲಾಯ್ ಬಂತು. ಸ್ಪ್ರಿಂಗ್ ಕತ್ತರಿಸಿ ಗಾಡಿ ನೆಲ ಮೂಸುವಂತೆ ಮಾಡಿದೆವು. ಅಂದಿನಿಂದ ಪ್ರತಿ ಹಂಪಿನ ಮುಂದೆ ಇಳಿದು, ಬಗ್ಗಿ ನೋಡಿ, ನಮಸ್ಕಾರ ಹಾಕಿದಂತೆ ದಾಟಬೇಕಾಯಿತು. ಬಾನೆಟ್ಟಿಗೆ ಬೆಂಕಿಯ ಜ್ವಾಲೆಯ ಸ್ಟಿಕರ್ ಅಂಟಿಸಿದೆ. ಅರೆಮಲೆನಾಡಿನ ಒಂದೇ ಮಳೆಗಾಲಕ್ಕೆ ಬೆಂಕಿ ಆರಿತು. ಹಿಂದಿನ ಸೀಟು ಕಿತ್ತು ಅಲ್ಲಿ ಗೋದಿ ಚೀಲದಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆ ಕೂಡಿಸಿದ್ದಾಯಿತು. ಕಿತ್ತ ಸೀಟು ಮನೆಯ ಕಟ್ಟೆಗೆ ಬಂತು, ಅದರ ಮೇಲೆ ಅಜ್ಜ ಬಂದ.

ಗಾಡಿಯ ಮೊದಲ ಸೋಲು ತೊಟ್ಟಿಲಿನಿಂದ. ದೊಡ್ಡ ಮಗಳು ಹುಟ್ಟಿದಾಗ ಬೀಗರು ಕಲಘಟಗಿ ತೊಟ್ಟಿಲು ಹೇಳಿ ಮಾಡಿಸಿದ್ದರು. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಸುತ್ತಲೂ ಕೃಷ್ಣನ ಬಾಲಲೀಲೆ. ತಲೆಮಾರು ಕಳೆದರೂ ಆ ಬಣ್ಣ ಮಾಸುವುದಿಲ್ಲ. ನನ್ನ ಸ್ಟಿಕರಿನ ಮಾತು ಬೇರೆ. ತರಲು ಜಂಬದಿಂದ ನಾನೇ ಹೋದೆ. ಉದ್ದಕ್ಕೆ ಹಿಡಿದೆವು, ಅಡ್ಡ ಹಿಡಿದೆವು, ಬಾಗಿಲು ಬಿಚ್ಚುವ ಮಾತೂ ಬಂತು. ಸ್ಪೀಕರ್ ಪೆಟ್ಟಿಗೆ ಜಪ್ಪಯ್ಯ ಅನ್ನಲಿಲ್ಲ. ಕಡೆಗೆ ಬಾಲಕೃಷ್ಣ ಟಂಟಂ ಏರಿ ಮುಂದೆ ಹೊರಟ, ನಾನು ಅಲಾಯ್ ಗಾಲಿಯ ಮೇಲೆ ಅವನ ಬೆನ್ನು ಹತ್ತಿದೆ. ಹೆಂಡತಿ ಆಗ ಏನೂ ಅನ್ನಲಿಲ್ಲ. ಬರೆದಿಟ್ಟುಕೊಂಡಳು ಅಂತ ಕಾಣುತ್ತದೆ.

ಲೆಕ್ಕ ತೆಗೆದದ್ದು ಎರಡನೆಯ ಹೆರಿಗೆಯಲ್ಲಿ ಅವಳಿ ಹುಟ್ಟಿದ ಮೇಲೆ. ಮೂರು ಮಕ್ಕಳು, ನಾವಿಬ್ಬರು, ಅವ್ವ, ಅಜ್ಜ, ಒಟ್ಟು ಏಳು ಜನ. ಗಾಡಿಯಲ್ಲಿದ್ದದ್ದು ಎರಡು ಸೀಟು, ಒಂದು ಸ್ಪೀಕರ್.

ನನ್ನ ಕಡೆಯಿಂದ ವಾದಿಸಲು ಸಿಕ್ಕವರು ದೆಹಲಿಯ ಹರಪಾಲ್ ಸಿಂಗ್ ಒಬ್ಬರೇ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರ ಕೈಯಿಂದ ಮೊದಲ ಮಾರುತಿಯ ಕೀಲಿ ಪಡೆದವರು. "2010ರಾಗ ತೀರಿಕೊಳ್ಳೂ ತನಕ ಅವರು ಅದನ್ನ ಮಾರಲಿಲ್ಲ, ಗೊತ್ತೇನು?" ಎಂದೆ.

"ಅವರ ಮನ್ಯಾಗ ಅವಳಿ ಇದ್ದುವೇನ್ರಿ?" ಎಂದಳು.

ಅವರ ಗಾಡಿಗೆ ಅಂದು ಬಿದ್ದ ಬೆಲೆ 47,500 ರೂಪಾಯಿ. ನಾನು ಬರೀ ಗಾಲಿಗೆ, ಸ್ಪೀಕರಿಗೆ ಅದಕ್ಕಿಂತ ಹೆಚ್ಚು ಸುರಿದಿದ್ದೆ ಎನ್ನುವುದನ್ನು ಹೇಳಲು ಹೋಗಲಿಲ್ಲ.

ಮೊದಲು ಬಂದ ದಲ್ಲಾಳಿ ಗಾಡಿಗೆ ಒಂದು ಸುತ್ತು ಹಾಕಿದ. ನಾನು ಪ್ರತಿಯೊಂದನ್ನೂ ಕೂಡಿಸುತ್ತಾ ಹೋದೆ, ಅವನು ಕಳೆಯುತ್ತಾ ಹೋದ. "ಅಲಾಯ್ ಐತ್ರಿ" ಅಂದರೆ "ಹಳೇ ಗಾಲಿ ಹುಡುಕಾಕ ಮೂರ್ ಸಾವಿರ" ಅಂದ. "ಸ್ಪ್ರಿಂಗ್ ಕಟ್ ಮಾಡ್ಸೀನಿ" ಅಂದದ್ದಕ್ಕೆ ಹಣೆ ಮುಟ್ಟಿಕೊಂಡ. ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರೆ ನಾನೇ ಅವನಿಗೆ ದುಡ್ಡು ಕೊಡಬೇಕಾಗುತ್ತಿತ್ತು.

ಎರಡನೆಯವನು ಪಕ್ಕದೂರಿನ ಹುಡುಗ, ಮೀಸೆ ಈಗ ಚಿಗುರುತ್ತಿತ್ತು. "ಸಪ್ಪಳಾ ಕೇಳೇ ಬಂದೀನ್ರಿ ಅಣ್ಣಾರ. ಸೈಲೆನ್ಸರ್ ಮಾತ್ರ ತೆಗೀಬ್ಯಾಡ್ರಿ" ಎಂದ. ಎಷ್ಟೋ ವರ್ಷದ ಮೇಲೆ ನನ್ನನ್ನು ಅರ್ಥ ಮಾಡಿಕೊಂಡ ಒಂದು ಜೀವ! ಆದರೂ ಮೂರು ಮಕ್ಕಳ ತಂದೆಯಾಗಿ ನಾಲ್ಕು ಮಾತು ಹೇಳಬೇಕೆನ್ನಿಸಿತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ಕಂಪನಿ ಮಾಡಿಕೊಟ್ಟದ್ದನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವಂತಿಲ್ಲ ಎಂದೆಲ್ಲ ವಿವರಿಸಿದೆ. ಅವನು ಪೂರ್ತಿ ಕೇಳಿ, "ಮತ್ತ ನೀವು ಇಷ್ಟ್ ದಿನಾ ಹೆಂಗ ಓಡಿಸಿದ್ರಿ?" ಎಂದ. ನಾನು ಎರಡು ಸಾವಿರ ಇಳಿಸಿ ಸುಮ್ಮನಾದೆ.

ಅವನಿಗೆ ಹಿಂದಿನ ಸೀಟು ಬೇಕಿತ್ತು. ಸೀಟಿನ ಮೇಲೆ ಅಜ್ಜ ಇದ್ದ.

"ಗಾಡಿ ನಿಂದು, ಮಾರಕೋ. ಇದು ನನ್ನ ಕುರ್ಚಿ" ಅಂದ ಅಜ್ಜ, ಎಲೆ ಅಡಿಕೆ ಚೀಲವನ್ನು ಸೀಟಿನ ಸಂದಿಗೆ ಇನ್ನಷ್ಟು ಒಳಗೆ ತಳ್ಳುತ್ತಾ. ಚೌಕಾಶಿ ಒಂದು ತಾಸು ನಡೆಯಿತು. ಹೊಸ ಗಾಡಿಯಲ್ಲಿ ಡ್ರೈವರ್ ಪಕ್ಕದ ಸೀಟು ಕಾಯಂ ತನಗೇ ಎಂದು ಮಾತು ತೆಗೆದುಕೊಂಡೇ ಎದ್ದ. ಸೀಟಿನ ಸಂದಿಯಿಂದ ಎರಡು ಅಡಕತ್ತು, ನನ್ನ ಕಳೆದುಹೋಗಿದ್ದ ಮದುವೆಯ ಉಂಗುರ ಹೊರಬಿದ್ದವು. ಉಂಗುರ ನೋಡಿ ಹೆಂಡತಿ ನನ್ನ ಮುಖ ನೋಡಿದಳು. ಅದು ಬೇರೆ ಪ್ರಬಂಧ.

ಫಾರಂ 29, 30ಕ್ಕೆ ಸಹಿ ಹಾಕಿ ಕೀಲಿ ಕೊಟ್ಟೆ. ಹುಡುಗ ಎಕ್ಸಲರೇಟರ್ ಒತ್ತಿದ, ಎಮ್ಮೆ ಗೂಟ ಕಿತ್ತಿತು.

"ತೊಟ್ಟಿಲಾನೂ ಮಾರಿಬಿಡೂಣೇನು, ಹಂಗಾರ?" ಎಂದೆ ಸಿಟ್ಟಿಗೆ.

"ತೊಟ್ಟಿಲಾ ಯಾರರ ಮಾರತಾರೇನ್ಲೇ?" ಎಂದು ಅವ್ವ ಗದರಿದಳು.

ಈಗ ಮನೆ ಮುಂದೆ ಏಳು ಸೀಟಿನ ಎರ್ಟಿಗಾ ಇದೆ. ಹಂಪುಗಳನ್ನು ಅದು ಲೆಕ್ಕಕ್ಕೇ ಇಡುವುದಿಲ್ಲ. ಬೆಕ್ಕಿನ ಹಾಗೆ ಬಂದು ನಿಲ್ಲುತ್ತದೆ, ಬಾಗಿಲು ತೆಗೆದಾಗಲೇ ಮನೆಯವರಿಗೆ ಗೊತ್ತಾಗುವುದು. ಹಾಗಾಗಿ ಬುಟ್ಟಿಯಲ್ಲಿ ಆರಿದ ರೊಟ್ಟಿಯೇ ಗತಿ.

ಮೊನ್ನೆ ಸಂಜೆ ಅವಳಿಗಳಲ್ಲೊಂದನ್ನು ತೊಟ್ಟಿಲಲ್ಲಿ ತೂಗುತ್ತಾ, ಇನ್ನೊಂದನ್ನು ತೊಡೆಯ ಮೇಲೆ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದೆ. ದೂರದಲ್ಲಿ ಆ ಸಪ್ಪಳ ಕೇಳಿತು. ಅಡುಗೆಮನೆಯಿಂದ ಅವ್ವ ಕೂಗಿದಳು: "ಬಂದ ನೋಡವಾ, ಹಂಚು ಇಡು!"

ಸಪ್ಪಳ ಮನೆ ಮುಂದೆ ಹಾದು ಯಲ್ಲಾಪುರದ ಕಡೆ ಹೋಯಿತು. ನಾನು ಬಾಯಿ ಬಿಡಲಿಲ್ಲ. ಹಂಚು ಕಾಯಲಿ ಎಂದು ಸುಮ್ಮನೆ ಕೂತೆ.