ಎರಡು ಪುಟದ ಆತ್ಮಸ್ತುತಿ

ಕುರುಕ್ಷೇತ್ರದಲ್ಲಿ ಕರ್ಣನ ಕೈಲಿ ಪೆಟ್ಟು ತಿಂದು ಬಿಡಾರಕ್ಕೆ ಬಂದ ಧರ್ಮರಾಯ ಅರ್ಜುನನ ಮೇಲೆ ಹರಿಹಾಯುತ್ತಾನೆ: ‘ಆ ಗಾಂಡೀವವನ್ನು ಬೇರೆ ಯಾರಿಗಾದರೂ ಕೊಟ್ಟುಬಿಡು’. ಹಾಗೆ ಅಂದವರ ತಲೆ ತೆಗೆಯುತ್ತೇನೆಂದು ಅರ್ಜುನ ಎಂದೋ ಶಪಥ ಮಾಡಿಕೊಂಡಿದ್ದ. ಕತ್ತಿ ಹಿರಿದ. ಹಿರಿಯರನ್ನು ಏಕವಚನದಲ್ಲಿ ಜರೆದರೆ ಕೊಂದಂತೆಯೇ, ಅಷ್ಟು ಮಾಡಿ ಮುಗಿಸು ಎಂದು ಕೃಷ್ಣ ನಡುವೆ ಬಂದ. ಅರ್ಜುನ ಜರೆದ, ಜರೆದ ಪಾಪಕ್ಕೆ ಈಗ ತಾನೇ ಸಾಯುತ್ತೇನೆಂದು ಮತ್ತೆ ಕತ್ತಿ ಹಿರಿದ. ಅದಕ್ಕೂ ಕೃಷ್ಣನ ಹತ್ತಿರ ಮದ್ದಿತ್ತು. ತನ್ನನ್ನು ತಾನು ಹೊಗಳಿಕೊಳ್ಳುವುದು ಆತ್ಮಹತ್ಯೆಗೆ ಸಮ, ಹೊಗಳಿಕೊ ಅಂದ. ಶಿವನೊಬ್ಬನನ್ನು ಬಿಟ್ಟರೆ ನನ್ನಂಥ ಬಿಲ್ಲುಗಾರನಿಲ್ಲ ಎಂದು ಅರ್ಜುನ ಶುರುಮಾಡಿದ.

ಇಂಥ ಕಥೆ ಕೇಳಿಕೊಂಡು ಬೆಳೆದವರಿಗೆ ‘ನಿಮ್ಮ ಬಗ್ಗೆ ಎರಡು ಪುಟ ಬರೆದು ಪಿಡಿಎಫ್ ಮಾಡಿ ಕಳಿಸಿ’ ಅಂದರೆ ಹೇಗೆ? ನಮ್ಮ ಹುಡುಗರು ಆತ್ಮಹತ್ಯೆ ಮಾಡಿಕೊಳ್ಳುವುದಿಲ್ಲ, ಸುಲಭದ ದಾರಿ ಹಿಡಿಯುತ್ತಾರೆ. ಸೀನಿಯರ್ ಒಬ್ಬನ ರೆಸ್ಯೂಮೆ ತರಿಸಿಕೊಂಡು ಹೆಸರು ಬದಲಾಯಿಸುತ್ತಾರೆ. ಆ ಸೀನಿಯರ್ ಅವನ ಸೀನಿಯರ್‌ನಿಂದ ತಂದಿದ್ದನಾದ್ದರಿಂದ ‘ಹಾರ್ಡ್ ವರ್ಕಿಂಗ್, ಕ್ವಿಕ್ ಲರ್ನರ್, ಟೀಮ್ ಪ್ಲೇಯರ್’ ಎಂಬ ಮೂರು ಬಿರುದುಗಳು ಮನೆತನದ ಒಡವೆಯ ಹಾಗೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತವೆ. ನಾನು ಕಾರ್ಖಾನೆಯೊಂದರ ಪರ್ಸನೆಲ್ ವಿಭಾಗದಲ್ಲಿ ಕೂತು ಇಂಥವನ್ನು ರಾಶಿಗಟ್ಟಲೆ ಓದಿದವನು. ಎಲ್ಲರ ಹವ್ಯಾಸವೂ ಪುಸ್ತಕ ಓದುವುದು ಮತ್ತು ಸಂಗೀತ ಕೇಳುವುದು. ಇಷ್ಟು ಜನ ಓದುವುದು ನಿಜವಾಗಿದ್ದರೆ ನಮ್ಮ ಪ್ರಕಾಶಕರು ಗ್ರಂಥಾಲಯ ಇಲಾಖೆಯ ಬಾಗಿಲು ಕಾಯಬೇಕಿರಲಿಲ್ಲ. ಒಬ್ಬಾತನ ಅರ್ಜಿಯಲ್ಲಿ ತಂದೆಯ ಹೆಸರು ಮೊದಲ ಪುಟದಲ್ಲಿ ಒಂದು, ಎರಡನೆಯದರಲ್ಲಿ ಇನ್ನೊಂದು. ಕೆಳಗೆ ಮಾತ್ರ ‘ಮೇಲಿನ ವಿವರಗಳೆಲ್ಲ ನನಗೆ ತಿಳಿದಮಟ್ಟಿಗೆ ಸತ್ಯ’ ಎಂಬ ಘೋಷಣೆ, ಸ್ಥಳ, ದಿನಾಂಕ, ಸಹಿ.

ಟೈಪಿಂಗ್ ಇನ್‌ಸ್ಟಿಟ್ಯೂಟಿನ ಕಾಲದಲ್ಲಿ ಇದನ್ನು ಬಯೋಡೇಟಾ ಅನ್ನುತ್ತಿದ್ದರು. ಮೂರು ಕಾರ್ಬನ್ ಪ್ರತಿ. ಕೊನೆಯದರಲ್ಲಿ ಅಕ್ಷರ ಮಸುಕು. ಅಂಕಪಟ್ಟಿಯ ನಕಲಿಗೆ ಗೆಜೆಟೆಡ್ ಅಧಿಕಾರಿಯ ಮೊಹರು ಬೇಕಿತ್ತು. ಊರಿನ ಪಶುವೈದ್ಯರೋ ಕಾಲೇಜು ಪ್ರಿನ್ಸಿಪಾಲರೋ ಹಸಿರು ಶಾಯಿಯಲ್ಲಿ ಸಹಿ ಹಾಕುವ ತನಕ ನಾವು ಪಾಸಾಗಿದ್ದೇವೆಂದು ನಮಗೇ ಖಾತ್ರಿಯಿರಲಿಲ್ಲ. ಅದರಲ್ಲಿ ಒಂದು ಅನುಕೂಲವಿತ್ತು ಅನ್ನಿಸುತ್ತದೆ. ನಮ್ಮನ್ನು ಹೊಗಳುವ ಕೆಲಸವನ್ನು ಸರ್ಕಾರವೇ ಮೊಹರು ಒತ್ತಿ ಮಾಡುತ್ತಿತ್ತು. ನಮ್ಮ ಪಾಲಿಗೆ ಬರೀ ವಿಳಾಸ.

ಹಾಗೆ ನೋಡಿದರೆ ನಮ್ಮಲ್ಲಿ ಅಚ್ಚುಕಟ್ಟಾದ ಸಿವಿಗಳು ಬರುವುದು ವಿರಾಟಪರ್ವದಲ್ಲಿ. ಒಂದು ವರ್ಷದ ಗುತ್ತಿಗೆ ಕೆಲಸಕ್ಕೆ ಒಂದೇ ಮನೆಯಿಂದ ಆರು ಅಭ್ಯರ್ಥಿಗಳು. ಕಂಕಭಟ್ಟ, ಪಗಡೆ ಬಲ್ಲವನು, ಧರ್ಮರಾಯನ ಸ್ನೇಹಿತನಾಗಿದ್ದೆ ಎನ್ನುತ್ತಾನೆ. ಅಡುಗೆಯ ವಲಲನಿಗೂ ಧರ್ಮರಾಯನ ಮನೆಯದೇ ಅನುಭವ. ಕುದುರೆಯವನು, ದನದವನು ಅಲ್ಲಿಯವರೇ. ಸೈರಂಧ್ರಿ ಮಾತ್ರ ದ್ರೌಪದಿಯ ಬಳಿ ಸೇವೆಗಿದ್ದೆ ಎಂದು ತನ್ನ ಹೆಸರನ್ನೇ ರೆಫರೆನ್ಸಿಗೆ ಕೊಡುತ್ತಾಳೆ. ಹಳೆಯ ಯಜಮಾನನನ್ನು ವಿಚಾರಿಸೋಣವೆಂದರೆ ಆತ ದೇಶಾಂತರ ಹೋಗಿದ್ದಾನೆ, ಅಥವಾ ಇಲ್ಲೇ ಪಗಡೆ ಹಾಸಿ ಕೂತಿದ್ದಾನೆ. ಮಾರತ್ತಹಳ್ಳಿಯ ಕನ್ಸಲ್ಟೆನ್ಸಿಗಳು ಮೂರು ವರ್ಷದ ನಕಲಿ ಅನುಭವ ಮಾರಿ ಸಿಕ್ಕಿಬೀಳುತ್ತವೆ, ಇವರು ಸಿಕ್ಕಿಬೀಳಲಿಲ್ಲ. ಹೆಸರು ಸುಳ್ಳಾದರೂ ಬರೆಸಿಕೊಂಡ ಕೆಲಸ ಸುಳ್ಳಲ್ಲ. ವಲಲನಿಗೆ ಅಡುಗೆ ನಿಜವಾಗಿ ಬರುತ್ತಿತ್ತು.

ಈ ಮಾತನ್ನು ನನ್ನ ಅಕ್ಕನ ಮಗನಿಗೆ ಹೇಳಿದೆ. ಹುಡುಗ ತೀರ್ಥಹಳ್ಳಿ ಕಡೆಯವನು, ಮೆಕ್ಯಾನಿಕಲ್ ಬಿಇ. ಅವನ ರೆಸ್ಯೂಮೆಯಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿನ ಹೆಸರೇ ಎರಡು ಸಾಲು ಹಿಡಿದಿತ್ತು.

“ಇದು ಏನು ಮಾಡುತ್ತದೋ?” ಅಂದೆ.

“ಅದು ರಾಜಾಜಿನಗರದಲ್ಲಿ ರೆಡಿ ಸಿಗುತ್ತೆ ಮಾವ. ನಾಲ್ಕು ಜನ ಸೇರಿ ತಂದಿದ್ವಿ.”

“ನೀನು ಕೈಯಾರೆ ಮಾಡಿದ್ದು ಏನಾದರೂ ಇದೆಯಾ?”

ಏನೂ ಇಲ್ಲ ಅಂದ. ಮಾತಿಗೆ ಮಾತು ಬಂದು ಕೊಯ್ಲಿನ ಸುದ್ದಿ ಬಂತು. ಮೆಟ್ಟುಗತ್ತಿ ಹಿಡಿದು ಸುಲಿಯುವವರು ಸಿಗದೆ ಮನೆಗೆ ಅಡಿಕೆ ಸುಲಿಯುವ ಯಂತ್ರ ತಂದಿದ್ದಾರೆ. ದೊಡ್ಡ ಕಾಯಿಗೂ ಸಣ್ಣ ಕಾಯಿಗೂ ಒಂದೇ ಅಂತರ ಇಟ್ಟರೆ ಒಂದು ಒಡೆಯುತ್ತದೆ, ಇನ್ನೊಂದು ಸಿಪ್ಪೆ ಸಮೇತ ಆಚೆ ಬೀಳುತ್ತದೆ. ಇವನು ಕಾಯಿಯನ್ನು ಮೊದಲೇ ಆರಿಸಿ ಎರಡು ರಾಶಿ ಮಾಡಿ, ಯಂತ್ರದ ಅಂತರ ಹೊಂದಿಸುವ ಬೋಲ್ಟಿಗೆ ಬಣ್ಣದಲ್ಲಿ ಗುರುತು ಹಾಕಿಟ್ಟಿದ್ದಾನೆ. ಈಗ ಅವನ ಅಪ್ಪನೂ ಅದನ್ನು ತಿರುಗಿಸಬಲ್ಲರು. ಕರೆಂಟು ಏರುಪೇರಾಗಿ ಮೋಟಾರು ಸುಟ್ಟಾಗ ಕೊಪ್ಪಕ್ಕೆ ಒಯ್ದು ಪಕ್ಕದಲ್ಲೇ ನಿಂತು ವೈಂಡಿಂಗ್ ಮಾಡಿಸಿಕೊಂಡು ಬಂದಿದ್ದಾನೆ. ಅಕ್ಕಪಕ್ಕದ ಮನೆಯವರೂ ಇವನನ್ನೇ ಕರೆಯುತ್ತಾರಂತೆ.

“ಇದನ್ನು ಬರೆಯೋ ಮಾರಾಯ.”

“ಮಾವ, ಅದು ಮನೆ ಕೆಲಸ!” ಅವನ ಮುಖ ನೋಡಬೇಕಿತ್ತು, ತೋಟದ ಬಟ್ಟೆಯಲ್ಲೇ ಇಂಟರ್‌ವ್ಯೂಗೆ ಹೋಗು ಅಂದೆನೇನೋ ಎಂಬಂತೆ.

ಅವನಿಗೆ ಲಿಯೊನಾರ್ಡೊ ಡ ವಿಂಚಿಯ ಕಥೆ ಹೇಳಬೇಕಾಯಿತು. 1482ರ ಸುಮಾರಿಗೆ ಆತ ಮಿಲಾನಿನ ದೊರೆ ಲುಡೊವಿಕೊ ಸ್ಫೋರ್ಜನಿಗೆ ಕೆಲಸ ಕೇಳಿ ಪತ್ರ ಬರೆದ. ನಾನು ಮಹಾ ಪ್ರತಿಭಾವಂತ ಎಂಬ ಬಿರುದು ಅದರಲ್ಲಿಲ್ಲ. ಹಗುರಾದ, ಹೊತ್ತೊಯ್ಯಬಹುದಾದ ಸೇತುವೆ ಕಟ್ಟಬಲ್ಲೆ, ಮುತ್ತಿಗೆಯಲ್ಲಿ ಕಂದಕದ ನೀರು ಬಸಿಯಬಲ್ಲೆ, ಫಿರಂಗಿ ಮಾಡಬಲ್ಲೆ ಎಂದು ಒಂದೊಂದಾಗಿ ಅಂಕಿ ಹಾಕಿ ಹೇಳಿದ. ದೊರೆಗೆ ಬೇಕಾಗಿದ್ದದ್ದು ಯುದ್ಧದ ಸಾಮಾನು. ಚಿತ್ರವನ್ನೂ ಬರೆಯಬಲ್ಲೆ ಎಂಬುದು ಬರುವುದು ಪತ್ರದ ಕೊನೆಗೆ. ನಂಬಿಕೆ ಬಾರದಿದ್ದರೆ ನಿಮ್ಮ ಉದ್ಯಾನದಲ್ಲೇ ಮಾಡಿ ತೋರಿಸುತ್ತೇನೆ ಅಂತಲೂ ಸೇರಿಸಿದ್ದ. ಮುಂದೆ ಅದೇ ದೊರೆಗೆ ಕೊನೆಯ ಭೋಜನದ ಚಿತ್ರ ಬರೆದುಕೊಟ್ಟ. ಅರ್ಜಿಯಲ್ಲಿ ಬಾಲದಂತೆ ಬಂದದ್ದೇ ನಿಂತಿತು. ಅದು ಬೇರೆ ಮಾತು.

“ಆಗ ಎಟಿಎಸ್ ಇರಲಿಲ್ಲ ಮಾವ,” ಅಂದ ಹುಡುಗ. ದೊಡ್ಡ ಕಂಪನಿಗಳಲ್ಲಿ ಈಗ ಅರ್ಜಿಯನ್ನು ಮೊದಲು ಓದುವುದು ಎಟಿಎಸ್ ಎಂಬ ಈ ಸಾಫ್ಟ್‌ವೇರು. ಜಾಹೀರಾತಿನಲ್ಲಿರುವ ಪದ ಅರ್ಜಿಯಲ್ಲಿ ಇದೆಯೋ ಇಲ್ಲವೋ ಹುಡುಕುತ್ತದೆ. ಚೌಕ, ಚಿತ್ರ, ಎರಡು ಕಾಲಂ ಎಂದು ಅಲಂಕಾರ ಮಾಡಿದರೆ ಎಷ್ಟೋ ಸಲ ಅದಕ್ಕೆ ಓದಲು ಬರುವುದಿಲ್ಲ. ಕೆಲವರು ಪದಗಳನ್ನೆಲ್ಲ ಬಿಳಿ ಅಕ್ಷರದಲ್ಲಿ ಬಿಳಿ ಹಾಳೆಯ ಮೇಲೆ ತುಂಬಿಡುತ್ತಾರಂತೆ, ಯಂತ್ರಕ್ಕೆ ಕಾಣಲಿ, ಮನುಷ್ಯನಿಗೆ ಬೇಡ ಎಂದು. ನೌಕ್ರಿ ಡಾಟ್ ಕಾಮ್‌ನಲ್ಲಿ ದಿನಾ ಬೆಳಿಗ್ಗೆ ಒಂದು ಫುಲ್‌ಸ್ಟಾಪ್ ತೆಗೆದು, ಮರುದಿನ ಅದನ್ನೇ ಮತ್ತೆ ಹಾಕಿ ‘ಇಂದು ಅಪ್‌ಡೇಟ್ ಆಗಿದೆ’ ಎಂದು ಮೇಲಕ್ಕೆ ಬರುವವರೂ ಇದ್ದಾರೆ. ಸಂಧ್ಯಾವಂದನೆ ತಪ್ಪಿದರೂ ಇದು ತಪ್ಪುವುದಿಲ್ಲ. ಸರಿಯಪ್ಪ, ಯಂತ್ರಕ್ಕೆ ಬೇಕಾದ ‘ಮೆಂಟೆನೆನ್ಸ್’, ‘ಮೋಟಾರ್’ ಪದಗಳು ಅಡಿಕೆ ಮಿಷನ್ನಿನ ಸಾಲಿನಲ್ಲೇ ಇವೆಯಲ್ಲ ಅಂದೆ. ಅರೆಮನಸ್ಸಿನಿಂದ ಬರೆದ. ಬಿರುದುಗಳನ್ನು ಹೊಡೆದು ಹಾಕಿದಾಗ ಎರಡು ಪುಟ ಒಂದಾಯಿತು. ಹವ್ಯಾಸ ಬಿಡಲು ಒಪ್ಪಲಿಲ್ಲ. ಜಾಗ ಖಾಲಿ ಕಾಣುತ್ತದಂತೆ.

ಮರುವಾರ ಅಕ್ಕನ ಫೋನು. ಹುಡುಗ ಆ ಹಾಳೆಯನ್ನು ಅಮ್ಮನಿಗೂ ವಾಟ್ಸಾಪ್ ಮಾಡಿದ್ದ.

“ಚೆನ್ನಾಗಿ ಬರೆಸಿದ್ದೀಯ ಕಣೋ. ಇದನ್ನೇ ಹೆಣ್ಣಿನ ಕಡೆಯವರಿಗೂ ಕಳಿಸೋಣ ಅಂತ. ಎತ್ತರ, ನಕ್ಷತ್ರ ಸೇರಿಸಿಕೊಡು. ಆ ಮಿಷನ್ ರಿಪೇರಿ ತೆಗೆದು ತೋಟ ಎಷ್ಟು ಎಕರೆ ಅಂತ ಹಾಕು.”

“ಹಾಕೋಣ.”

“ಆದರೆ ಹುಡುಗ ತೋಟದಲ್ಲಿ ಇರಲ್ಲ ಅಂತಲೂ ಹಾಕು. ಇಲ್ಲದಿದ್ದರೆ ಯಾರೂ ಫೋನೇ ಎತ್ತಲ್ಲ.”